ಪಂಜರದ ಕಾಳಗವೂ ಗುರುವಿನ ಗುಪ್ತ ವರಸೆಯೂ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಚಿತ್ರದ ಸುತ್ತ ಇವೆ. ಅಲ್ಪ ಬಂಡವಾಳದಲ್ಲಿ ತಯಾರಾದ ಈ ಚಿತ್ರದ ಕಥೆ ಹೀಗಿದೆ: ಪಂಜರದ ಕಾಳಗದಲ್ಲಿ, ಎಂದರೆ ತಂತಿ ಬೇಲಿಯೊಳಗೆ ಗುದ್ದು, ಒದೆತ, ಹಿಡಿತ ಎಲ್ಲಕ್ಕೂ ಎಡೆಯಿರುವ ಕೇಜ್ ಫೈಟಿಂಗ್‌ನಲ್ಲಿ, ತನ್ನ ಅಣ್ಣನ ಬೆನ್ನುಮೂಳೆ ಮುರಿದ ಚಾಂಪಿಯನ್ ಮೇಲೆ ಸೇಡು ತೀರಿಸಿಕೊಳ್ಳಲು, ವೃದ್ಧ ಕರಾಟೆ ಗುರುವಿನ ಶಿಷ್ಯನೊಬ್ಬ ಅದೇ ಪಂಜರವನ್ನು ಹೊಗುತ್ತಾನೆ, ಎರಡು ಸುತ್ತುಗಳಲ್ಲಿ ಹಣ್ಣುಗಾಯಿ ನೀರುಗಾಯಿ ಆಗುವಷ್ಟು ಏಟು ತಿಂದ ಮೇಲೆ, ಗುರು ಸಾಯುವ ಮುನ್ನ ಹೇಳಿಕೊಟ್ಟ ಗುಪ್ತ ವರಸೆಯಿಂದ, ಎಂದರೆ ಗಂಟಲಿಗೆ ಬೀಸಿದ ಒಂದೇ ಕೈಯೇಟಿನಿಂದ, ಎದುರಾಳಿಯನ್ನು ಕೆಡವುತ್ತಾನೆ. ಇದೇ ಅಚ್ಚಿನಲ್ಲಿ ಎರಕ ಹೊಯ್ದ ಚಿತ್ರಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ಹೆಸರನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಪಂಜರದಲ್ಲಿ ಹತ್ತಾರು ಪಂದ್ಯ ಗೆದ್ದವನನ್ನು ಕರಾಟೆಯನ್ನಷ್ಟೇ ಕಲಿತ ಹುಡುಗ ಸೋಲಿಸುವುದು ನಿಜಕ್ಕೂ ಸಾಧ್ಯವೆ, ಅಥವಾ ಇದು ಪರಂಪರೆಯ ಅಭಿಮಾನಿಗಳನ್ನು ಮೆಚ್ಚಿಸಲು ಹೆಣೆದ ಕಟ್ಟುಕಥೆಯೆ?

ಉತ್ತರ: ಸಾಧ್ಯ, ಆದರೆ ಚಿತ್ರ ತೋರಿಸುವ ದಾರಿಯಲ್ಲಿ ಅಲ್ಲ. ಯಾವ ವಿದ್ಯೆ ಮೇಲು ಎಂಬ ಹಳೆಯ ಜಗಳವನ್ನು ಕಥೆಗಾರರ ಕೈಯಿಂದ ಕಿತ್ತು ಎಲ್ಲರ ಕಣ್ಣೆದುರು ಇಟ್ಟದ್ದು 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ನಡೆದ ಮೊದಲ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್. ಸುಮೋ, ಸವಾತ್ (ಫ್ರಾನ್ಸಿನ ಒದೆತದ ವಿದ್ಯೆ), ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್, ಕೆಂಪೋ ಕರಾಟೆ ಮೊದಲಾದ ಬೇರೆ ಬೇರೆ ವಿದ್ಯೆಗಳ ಎಂಟು ಮಂದಿ, ತೂಕದ ವರ್ಗಗಳ ಹಂಗಿಲ್ಲದೆ, ಒಂದೇ ರಾತ್ರಿಯಲ್ಲಿ ಸೆಣಸಿದರು. ಗೆದ್ದವರು ಸುಮಾರು 80 ಕಿಲೋ ತೂಕದ, ನೋಡಲು ಯಾವ ಭಯವನ್ನೂ ಹುಟ್ಟಿಸದ ಬ್ರೆಜಿಲ್‌ನ ರಾಯ್ಸ್ ಗ್ರೇಸಿ. ಮೂವರು ಎದುರಾಳಿಗಳಲ್ಲಿ ಒಬ್ಬರನ್ನೂ ಅವರು ಗುದ್ದಾಟದಲ್ಲಿ ಮಣಿಸಲಿಲ್ಲ. ಹತ್ತಿರ ಸರಿದು, ತಬ್ಬಿ, ನೆಲಕ್ಕೆ ತಂದು, ಶರಣಾಗುವಂತೆ ಮಾಡಿದರು. ಒಂದೇ ಕೈಗೆ ಗ್ಲೋವ್ ತೊಟ್ಟು ಬಂದಿದ್ದ ಬಾಕ್ಸರ್ ಆರ್ಟ್ ಜಿಮ್ಮರ್‌ಸನ್, ನೆಲಕ್ಕೆ ಬಿದ್ದು ಗ್ರೇಸಿ ಮೇಲೇರಿ ಕುಳಿತ ಮೇಲೆ ಏನು ಮಾಡಬೇಕೆಂದೇ ತೋಚದೆ ನೆಲ ತಟ್ಟಿ ಸೋಲೊಪ್ಪಿದರು.

ಆ ರಾತ್ರಿಯಿಂದ ಹಲವರು ತೆಗೆದ ತೀರ್ಮಾನವೆಂದರೆ ಪರಂಪರೆ ಸೋತಿತು, ಪಂಜರ ಗೆದ್ದಿತು ಎಂಬುದು. ನನಗೆ ಅದು ಅವಸರದ ತೀರ್ಪಾಗಿ ಕಾಣುತ್ತದೆ, ಏಕೆಂದರೆ ಗ್ರೇಸಿ ತಂದ ವಿದ್ಯೆಯ, ಎಂದರೆ ಬ್ರೆಜಿಲ್‌ನ ಜಿಯು-ಜಿತ್ಸುವಿನ, ಬೇರು ಹುಡುಕಿದರೆ ನಾವು ನೇರವಾಗಿ ಜಪಾನಿನ ಒಂದು ಗುರುಮನೆಗೆ ಹೋಗಿ ತಲುಪುತ್ತೇವೆ. ಜಿಗೊರೊ ಕಾನೊ 1882ರಲ್ಲಿ ಸ್ಥಾಪಿಸಿದ ಕೊಡೊಕಾನ್ ಶಾಲೆಯ ಜೂಡೋ ಪಟು ಮಿತ್ಸುಯೊ ಮಯೇದಾ 1914ರಲ್ಲಿ ಬ್ರೆಜಿಲ್ ತಲುಪಿ, ಮುಂದೆ ಗ್ರೇಸಿ ಮನೆತನದ ಕಾರ್ಲೋಸ್‌ಗೆ ಪಾಠ ಹೇಳಿದರು. ಕಾನೊ ಮಾಡಿದ ದೊಡ್ಡ ಕೆಲಸ ಹೊಸ ಪಟ್ಟುಗಳನ್ನು ಕಂಡುಹಿಡಿದದ್ದಲ್ಲ. ಜುಜುತ್ಸು ಎಂಬ ಹಳೆಯ ಜಪಾನೀ ಕಾಳಗದ ವಿದ್ಯೆಯ ಏಟುಗಳು, ಬೆರಳು ಮುರಿಯುವಂಥ ಅಪಾಯದ ವರಸೆಗಳು ಇವನ್ನೆಲ್ಲ ಅವರು ಕತಾ ಎಂಬ ನಿಗದಿತ ಚಲನೆಗಳ ಅಭ್ಯಾಸಕ್ಕೆ ಮೀಸಲಿಟ್ಟು, ಉಳಿದವನ್ನು ರಂದೋರಿಗೆ, ಎಂದರೆ ಎದುರಿನವನು ನಿಜವಾಗಿಯೂ ಬೀಳಬಾರದೆಂದು ಹಟ ಹಿಡಿದಿರುವಾಗ ಅವನನ್ನು ಬೀಳಿಸುವ ಅಭ್ಯಾಸಕ್ಕೆ ಒಡ್ಡಿದರು. ಅಪಾಯ ಕಡಿಮೆಯಾದದ್ದರಿಂದಲೇ ಶಿಷ್ಯರು ದಿನವೂ ಪೂರ್ಣ ಬಲದಿಂದ ಸೆಣಸಬಹುದಾಯಿತು. ಮಾರಕ ವರಸೆಗಳನ್ನು ಗಾಳಿಯಲ್ಲಿ ಮಾತ್ರ ಬೀಸುತ್ತಿದ್ದವರಿಗಿಂತ ಇವರು ನಿಜವಾದ ಹಿಡಿತದಲ್ಲಿ ಪಳಗಿದರು.

ಕರಾಟೆಯ ಕಡೆಯಿಂದಲೂ ಸಾಕ್ಷಿ ಇದೆ. ತಂದೆಯಿಂದಲೇ ಶೋಟೊಕಾನ್ ಕರಾಟೆ ಕಲಿತ ಲಿಯೊಟೊ ಮಚಿದಾ 2009ರಲ್ಲಿ ಅದೇ ಪಂಜರದಲ್ಲಿ ಲೈಟ್ ಹೆವಿವೇಟ್ ಚಾಂಪಿಯನ್ ಆದರು. 2011ರ ಏಪ್ರಿಲ್‌ನಲ್ಲಿ ಟೊರಾಂಟೊದಲ್ಲಿ ರ್‍ಯಾಂಡಿ ಕೂಚರ್ ಅವರ ಗಲ್ಲಕ್ಕೆ ಜಿಗಿದು ಒದ್ದು ಪಂದ್ಯ ಮುಗಿಸಿದರು. ಸಿನಿಮಾದಲ್ಲಷ್ಟೇ ನಡೆಯುವಂಥದ್ದೆಂದು ಜನ ನಗುತ್ತಿದ್ದ ಒದೆತ ಅದು. ಆದರೆ ಮಚಿದಾ ಕರಾಟೆಯನ್ನು ಮಾತ್ರ ನೆಚ್ಚಿ ಬಂದವರಲ್ಲ. ಜಿಯು-ಜಿತ್ಸುವಿನಲ್ಲಿ ಕಪ್ಪು ಪಟ್ಟಿ (ಬ್ಲ್ಯಾಕ್ ಬೆಲ್ಟ್) ಪಡೆದವರು, ಸುಮೋ ಆಡಿದವರು, ಯಾರಾದರೂ ಸೊಂಟ ಹಿಡಿಯಲು ಬಂದರೆ ತಪ್ಪಿಸಿಕೊಳ್ಳುವುದನ್ನು ಮೈಗೂಡಿಸಿಕೊಂಡವರು. ಆ ಭದ್ರತೆ ಇದ್ದುದರಿಂದ ದೂರ ನಿಂತು ಅಳೆದು ಒಮ್ಮೆಗೇ ನುಗ್ಗುವ ಕರಾಟೆಯ ಲಯ ಅವರಿಗೆ ಫಲ ಕೊಟ್ಟಿತು.

ಈಗ ನಮ್ಮ ಚಿತ್ರದ ಹುಡುಗನನ್ನು ನೋಡಿ. ತರಬೇತಿಯ ಇಡೀ ಭಾಗದಲ್ಲಿ ಅವನು ಹುರಿ ಸುತ್ತಿದ ಮರದ ಕಂಬಕ್ಕೆ ಗುದ್ದುತ್ತಾನೆ, ಜಲಪಾತದ ಕೆಳಗೆ ಕಣ್ಣು ಮುಚ್ಚಿ ನಿಲ್ಲುತ್ತಾನೆ, ಗಾಳಿಯ ರಭಸದಿಂದಲೇ ದೀಪ ಆರಿಸುತ್ತಾನೆ. ಒಬ್ಬನೇ ಒಬ್ಬ ಮನುಷ್ಯ ಅವನ ಮೈಮೇಲೆ ಕೈಹಾಕುವುದಿಲ್ಲ. ಹಿಡಿದೆಳೆಯುವವನ ಭಾರ ಎಷ್ಟು, ಮೂಗಿಗೆ ಏಟು ಬಿದ್ದು ಕಣ್ಣಲ್ಲಿ ನೀರು ತುಂಬಿದಾಗ ಎದುರಾಳಿ ಎಲ್ಲಿ ಕಾಣುತ್ತಾನೆ, ಎರಡು ನಿಮಿಷ ಗುದ್ದಾಡಿದ ಮೇಲೆ ತೋಳು ಎಷ್ಟು ಮೇಲೇಳುತ್ತದೆ ಎಂಬ ಪಾಠಗಳನ್ನು ಅವನಿಗೆ ಯಾರೂ ಹೇಳಿಲ್ಲ. ಆದ್ದರಿಂದ ಅವನ ಗೆಲುವು ನಂಬಿಕೆ ಹುಟ್ಟಿಸುವುದಿಲ್ಲ. ಕರಾಟೆಯಲ್ಲಿಯೇ ಮಸುತಾತ್ಸು ಒಯಾಮಾ ಕಟ್ಟಿದ ಕ್ಯೊಕುಶಿನ್ ಪಂಥದಲ್ಲಿ ಎದೆ, ಹೊಟ್ಟೆ, ತೊಡೆಗಳಿಗೆ ಪೂರ್ಣ ಬಲದ ಏಟು ಕೊಟ್ಟು ತಿಂದು ಅಭ್ಯಾಸ ಮಾಡುತ್ತಾರೆ. ನಿರ್ದೇಶಕರು ಹುಡುಗನನ್ನು ಅಂಥ ಶಾಲೆಗೆ ಸೇರಿಸಿದ್ದರೂ ಸಾಕಿತ್ತು, ಒಂದು ರೂಪಾಯಿಯ ಹೆಚ್ಚುವರಿ ಖರ್ಚೂ ಬರುತ್ತಿರಲಿಲ್ಲ.

ಪ್ರಶ್ನೆ: "ಈ ಪಂಜರದೊಳಗೆ ನಿಯಮವೇ ಇಲ್ಲ" ಎಂದು ಖಳನಾಯಕ ಮತ್ತೆ ಮತ್ತೆ ಹೇಳುತ್ತಾನೆ. ಕೇಜ್ ಫೈಟಿಂಗ್‌ನಲ್ಲಿ ನಿಜವಾಗಿಯೂ ಏನು ಬೇಕಾದರೂ ಮಾಡಬಹುದೆ?

ಉತ್ತರ: ಇಲ್ಲ. 1993ರ ಆ ಮೊದಲ ಕೂಟದಲ್ಲಿಯೂ ಕಚ್ಚುವುದಕ್ಕೆ ಮತ್ತು ಕಣ್ಣಿಗೆ ಬೆರಳು ಹಾಕುವುದಕ್ಕೆ ನಿಷೇಧವಿತ್ತು. "ನಿಯಮವಿಲ್ಲ" ಎನ್ನುವುದು ಟಿಕೆಟ್ ಮಾರುವವರ ಘೋಷಣೆಯಾಗಿತ್ತು, ಮತ್ತು ಅದೇ ಘೋಷಣೆ ಅವರಿಗೆ ಉರುಳಾಯಿತು. ಅಮೆರಿಕದ ಸೆನೆಟರ್ ಜಾನ್ ಮೆಕೇನ್ ಇದನ್ನು ಮನುಷ್ಯರ ಕೋಳಿಅಂಕವೆಂದು ಕರೆದು ನಿಷೇಧಕ್ಕಾಗಿ ಹೋರಾಡಿದರು. ಆಮೇಲೆ ರೂಪುಗೊಂಡ ಏಕರೂಪದ ನಿಯಮಾವಳಿಯನ್ನು 2000ದಲ್ಲಿ ನ್ಯೂಜೆರ್ಸಿ ರಾಜ್ಯವೂ ಅದರ ಬೆನ್ನಿಗೆ ನೆವಾಡ ರಾಜ್ಯವೂ ಬಳಕೆಗೆ ತಂದವು. ಐದು ನಿಮಿಷಗಳ ಮೂರು ಸುತ್ತು, ಪ್ರಶಸ್ತಿಯ ಪಂದ್ಯವಾದರೆ ಐದು ಸುತ್ತು, ನಡುವೆ ಒಂದು ನಿಮಿಷದ ವಿರಾಮ, ತೂಕದ ವರ್ಗಗಳು, ಬೆರಳು ತೆರೆದ ತೆಳು ಗ್ಲೋವ್. ತಲೆಯಿಂದ ಗುದ್ದುವುದು, ತೊಡೆಸಂದಿಗೆ ಹೊಡೆಯುವುದು, ತಲೆಯ ಹಿಂಭಾಗಕ್ಕೆ ಹೊಡೆಯುವುದು, ನೆಲಕ್ಕೆ ಬಿದ್ದವನ ತಲೆಗೆ ಒದೆಯುವುದು, ಬೆರಳುಗಳನ್ನು ಹಿಂದಕ್ಕೆ ತಿರುಚುವುದು ಎಲ್ಲವೂ ತಪ್ಪು.

ಈ ಪಟ್ಟಿಯಲ್ಲಿ ಗಂಟಲಿಗೆ ಯಾವುದೇ ಬಗೆಯ ಏಟು ಹಾಕುವುದೂ ಸೇರಿದೆ. ಎಂದರೆ ನಮ್ಮ ನಾಯಕನ ಗುಪ್ತ ವರಸೆಗೆ ಸಲ್ಲಬೇಕಾದದ್ದು ಪದಕವಲ್ಲ, ಅನರ್ಹತೆ. ಅಷ್ಟು ಹೊತ್ತು ಪಂಜರದೊಳಗೆ ಓಡಾಡಿಕೊಂಡಿದ್ದ ರೆಫರಿ ಆ ಕ್ಷಣದಲ್ಲಿ ಚೌಕಟ್ಟಿನಿಂದಲೇ ಮಾಯವಾಗಿರುವುದನ್ನು ಗಮನಿಸಿದರೆ, ಚಿತ್ರತಂಡಕ್ಕೂ ಈ ವಿಷಯ ತಿಳಿದಿತ್ತೇನೋ ಅನ್ನಿಸುತ್ತದೆ.

ಸಾಂಪ್ರದಾಯಿಕ ಪ್ರದರ್ಶನಗಳ ಪ್ರಭಾವ ಪಂಜರದ ನಿಯಮಗಳ ಮೇಲೂ ಬಿದ್ದಿದೆ ಎಂಬುದಕ್ಕೆ ಒಂದು ತಮಾಷೆಯ ಉದಾಹರಣೆ ಹೇಳಬಹುದು. ಮೊಣಕೈಯನ್ನು ಮೇಲಿನಿಂದ ನೇರವಾಗಿ ಕೆಳಕ್ಕೆ ಇಳಿಸಿ ಹೊಡೆಯುವುದು ಬಹುಕಾಲ ನಿಷಿದ್ಧವಾಗಿತ್ತು, 2024ರಲ್ಲಷ್ಟೇ ಆ ನಿಷೇಧ ಹೋಯಿತು. ಕರಾಟೆ ಪಟುಗಳು ಹೀಗೆಯೇ ಮಂಜುಗಡ್ಡೆಯ ಹಾಸುಗಳನ್ನು ಒಡೆಯುವುದನ್ನು ಟಿವಿಯಲ್ಲಿ ಕಂಡಿದ್ದ ಅಧಿಕಾರಿಗಳು ಹೆದರಿದ್ದೇ ಅದಕ್ಕೆ ಕಾರಣವೆಂದು ಹಿರಿಯ ರೆಫರಿ ಜಾನ್ ಮೆಕಾರ್ಥಿ ಹೇಳಿಕೊಂಡಿದ್ದಾರೆ.

ಪ್ರಶ್ನೆ: ನಾಯಕ ಬರಿಗೈಯಲ್ಲಿ ಇಪ್ಪತ್ತು ಮಂದಿಯ ತಲೆಗೆ ಗುದ್ದುತ್ತಾನೆ. ಅವನ ಕೈಗೆ ಏನೂ ಆಗುವುದಿಲ್ಲವೆ?

ಉತ್ತರ: ಮುರಿಯುತ್ತದೆ. ತಲೆಬುರುಡೆಗಿಂತ ಅಂಗೈಯ ಎಲುಬುಗಳು ಬಹಳ ಸಣ್ಣವು. ಮೊದಲ ಕೂಟದ ಆರಂಭದ ಪಂದ್ಯದಲ್ಲಿ ಸವಾತ್ ಪಟು ಜೆರಾರ್ಡ್ ಗೋರ್ಡೊ ಬರಿಗಾಲಿನಿಂದ ಸುಮೋ ಪಟು ಟೈಲಾ ಟುಲಿಯವರ ಮುಖಕ್ಕೆ ಒದ್ದಾಗ ಹಲ್ಲು ಹಾರಿತು, ಹಲ್ಲಿನ ಚೂರುಗಳು ಒದ್ದವರ ಪಾದದಲ್ಲಿಯೇ ನಾಟಿಕೊಂಡವು, ಅದರ ಹಿಂದೆಯೇ ಗುದ್ದಿದ ಕೈಯೂ ಮುರಿಯಿತು. ಅದೇ ಕೈಕಾಲಿನಲ್ಲಿ ಅವರು ಆ ರಾತ್ರಿ ಅಂತಿಮ ಪಂದ್ಯದವರೆಗೆ ಹೋದರು. ಗ್ಲೋವ್ ಕಾಪಾಡುವುದು ಹೆಚ್ಚಾಗಿ ಹೊಡೆಯುವವನ ಕೈಯನ್ನು, ಹೊಡೆಸಿಕೊಳ್ಳುವವನ ಮಿದುಳನ್ನಲ್ಲ.

ಪ್ರಶ್ನೆ: ಚಿತ್ರದಲ್ಲಿ ಎರಡು ವಿದ್ಯೆಗಳ ಮುಖಾಮುಖಿ ಎಂದು ಹೇಳುತ್ತಾರೆ, ಆದರೆ ಹೊಡೆದಾಟ ಶುರುವಾದೊಡನೆ ಇಬ್ಬರೂ ಒಂದೇ ತೆರನಾಗಿ ಕಾಣುತ್ತಾರೆ. ಜೊತೆಗೆ ಕತ್ತಲೆ, ಅಲುಗಾಡುವ ಕ್ಯಾಮೆರಾ. ಇದು ಹಣದ ಕೊರತೆಯೆ, ಕೌಶಲದ ಕೊರತೆಯೆ?

ಉತ್ತರ: ಹಣದ ಕೊರತೆ ಮೊದಲು ಸಮಯದ ಕೊರತೆಯಾಗಿ ಬರುತ್ತದೆ. ಹೊಡೆದಾಟಕ್ಕೇ ಹೆಸರಾದ ಹಾಂಗ್‌ಕಾಂಗ್‌ನ ಹಳೆಯ ಚಿತ್ರಗಳಲ್ಲಿ ಕೊನೆಯ ಕಾಳಗವೊಂದಕ್ಕೇ ವಾರಗಟ್ಟಲೆ ಚಿತ್ರೀಕರಣ ನಡೆಯುತ್ತಿತ್ತು. ಅಲ್ಪ ಬಂಡವಾಳದ ತಂಡಕ್ಕೆ ಅದೇ ಕೆಲಸಕ್ಕೆ ಸಿಗುವುದು ಒಂದೆರಡು ದಿನ. ಒಬ್ಬರೇ ಸಾಹಸ ನಿರ್ದೇಶಕರು ಇಬ್ಬರ ಚಲನೆಯನ್ನೂ ಹೆಣೆಯುತ್ತಾರೆ, ತಮಗೆ ಒಗ್ಗಿದ ಮೂರು ಏಟು, ಒಂದು ತಡೆ, ಒಂದು ತಿರುಗೊದೆತ ಎಂಬ ಲಯವನ್ನು ಇಬ್ಬರಿಗೂ ಹಂಚುತ್ತಾರೆ. ಹೀಗಾಗಿ ಒಬ್ಬ ಕರಾಟೆಯ ಬಿಳಿ ಉಡುಪಿನಲ್ಲಿದ್ದಾನೆ, ಇನ್ನೊಬ್ಬ ಚಡ್ಡಿಯಲ್ಲಿದ್ದಾನೆ ಎಂಬುದನ್ನು ಬಿಟ್ಟರೆ ವ್ಯತ್ಯಾಸ ಉಳಿಯುವುದಿಲ್ಲ. ನಿಜವಾದ ವ್ಯತ್ಯಾಸ ಕಾಣಬೇಕಾದದ್ದು ನಿಲುವಿನಲ್ಲಿ ಮತ್ತು ದೂರದಲ್ಲಿ. ಶೋಟೊಕಾನ್ ಕಲಿತವನು ಪಕ್ಕಕ್ಕೆ ತಿರುಗಿ, ಕಾಲು ಅಗಲಿಸಿ, ಎದುರಾಳಿಯ ಕೈಗೆಟುಕದಷ್ಟು ಆಚೆ ನಿಂತು, ಒಂದೇ ನೆಗೆತದಲ್ಲಿ ಒಳಬಂದು ಹೊರಹೋಗುತ್ತಾನೆ. ಕುಸ್ತಿಯ ಹಿನ್ನೆಲೆಯ ಪಂಜರದ ಪಟು ಮುಂದಕ್ಕೆ ಬಾಗಿ, ಕೈಗಳನ್ನು ಇಳಿಸಿ, ಎದುರಾಳಿಯ ಸೊಂಟದ ಮೇಲೆಯೇ ಕಣ್ಣಿಟ್ಟಿರುತ್ತಾನೆ, ಅವನನ್ನು ಬೇಲಿಗೆ ಒತ್ತಿ ನಿಲ್ಲಿಸುವುದೇ ಅವನ ಮೊದಲ ಗುರಿ. ಈ ಎರಡು ದೂರಗಳ ನಡುವಿನ ಹಗ್ಗಜಗ್ಗಾಟದಲ್ಲಿಯೇ ಕಥೆ ಇದೆ, ಅದನ್ನು ತೋರಿಸಲು ಇಬ್ಬರ ಪಾದಗಳೂ ಚೌಕಟ್ಟಿನಲ್ಲಿರಬೇಕು.

ನಮ್ಮ ಚಿತ್ರದಲ್ಲಿ ಪಾದಗಳು ಕಾಣುವುದೇ ಇಲ್ಲ. ಒಂದು ಒದೆತವನ್ನು ಬಿಡಿಸಿ ನೋಡಿದರೆ ಹೀಗಿದೆ: ಒದೆಯುವವನ ಬೆನ್ನು ತಿರುಗುವ ಒಂದು ತುಣುಕು, ಗಾಳಿಯಲ್ಲಿ ಕಾಲಿನ ಮಸುಕು, ಆಮೇಲೆ ಎದುರಾಳಿಯ ತಲೆ ಹಿಂದಕ್ಕೆ ಚಿಮ್ಮುವ ಹತ್ತಿರದ ನೋಟ, ಕಾಲೂ ತಲೆಯೂ ಒಂದೇ ಚೌಕಟ್ಟಿನಲ್ಲಿ ಎಂದೂ ಸೇರುವುದಿಲ್ಲ. ಬೆನ್ನು ಬಹುಶಃ ಬದಲಿ ಸಾಹಸಿಗನದು, ತಲೆ ನಟನದು. ಪಂಜರವೂ ಇಲ್ಲಿ ಉಳಿತಾಯದ ಸಾಧನವೇ. ತಂತಿ ಜಾಲರಿಯ ಒಂದು ಆವರಣ ನಿಲ್ಲಿಸಿ, ನೆತ್ತಿಯ ಮೇಲೆ ನಾಲ್ಕು ದೀಪ ಇಳಿಬಿಟ್ಟರೆ ಆಚೆಯ ಕತ್ತಲೆಯಲ್ಲಿ ಮೂವತ್ತು ಮಂದಿ ಇದ್ದರೂ ಮೂರು ಸಾವಿರದ ಗದ್ದಲವನ್ನು ಧ್ವನಿಯಲ್ಲಿ ತುಂಬಬಹುದು. ಜಾಲರಿಯನ್ನೇ ಫೋಕಸ್‌ನಲ್ಲಿಟ್ಟು ಹಿಂದಿನ ಆಕೃತಿಗಳನ್ನು ಮಸುಕಾಗಿಸಿದರೆ ತಪ್ಪಿದ ಏಟೂ ತಗುಲಿದಂತೆ ಕಾಣುತ್ತದೆ. ಅಗ್ಗದ ಚಿತ್ರಗಳು ಪಂಜರವನ್ನು ಇಷ್ಟೊಂದು ಪ್ರೀತಿಸುವುದಕ್ಕೆ ಕ್ರೀಡೆಯ ಜನಪ್ರಿಯತೆಯಷ್ಟೇ ಇದೂ ಕಾರಣ.

ಹಾಗೆಂದು ಎಲ್ಲ ತಪ್ಪನ್ನೂ ಬಂಡವಾಳದ ತಲೆಗೆ ಕಟ್ಟುವುದು ನ್ಯಾಯವಲ್ಲ. 2011ರಲ್ಲಿ ಗ್ಯಾರೆತ್ ಇವಾನ್ಸ್ ಇಂಡೊನೇಷ್ಯಾದಲ್ಲಿ ಸುಮಾರು 11 ಲಕ್ಷ ಡಾಲರ್‌ಗಳಲ್ಲಿ, ಎಂದರೆ ಈ ಬಗೆಯ ದೊಡ್ಡ ಚಿತ್ರಗಳ ಲೆಕ್ಕದಲ್ಲಿ ಚಿಲ್ಲರೆ ಹಣದಲ್ಲಿ, ತೆಗೆದ 'ದಿ ರೇಡ್' ಚಿತ್ರದಲ್ಲಿ ಸಿಲಾಟ್ ಎಂಬ ಸಾಂಪ್ರದಾಯಿಕ ವಿದ್ಯೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದರೆ ಯಾರ ಮೊಣಕೈ ಎಲ್ಲಿ ತಗುಲಿತೆಂದು ಕೈಯಿಟ್ಟು ತೋರಿಸಬಹುದು. ನಾಯಕ ಇಕೊ ಉವೈಸ್ ಸ್ವತಃ ಸಿಲಾಟ್ ಕಲಿತವರು, ಹೊಡೆದಾಟಗಳನ್ನು ಹೆಣೆದವರಲ್ಲಿಯೂ ಒಬ್ಬರು. ಚಿತ್ರೀಕರಣಕ್ಕೆ ಮೊದಲೇ ತಂಡ ಅವನ್ನೆಲ್ಲ ಸಾದಾ ವಿಡಿಯೋದಲ್ಲಿ ತೆಗೆದು ಜೋಡಿಸಿ ನೋಡಿಕೊಂಡಿತ್ತು. ದುಬಾರಿ ದಿನಗಳನ್ನು ಅಗ್ಗದ ದಿನಗಳಿಂದ ತುಂಬಿಸಿಕೊಳ್ಳುವ ಈ ಉಪಾಯ ಯಾರಿಗಾದರೂ ಎಟಕುವಂಥದ್ದು.

ಪ್ರಶ್ನೆ: ನಿಜವಾದ ಪಂದ್ಯಗಳಲ್ಲಿ ಪಟುಗಳು ನಿಮಿಷಗಟ್ಟಲೆ ನೆಲದ ಮೇಲೆ ಹೊರಳಾಡುತ್ತಾರೆ. ಸಿನಿಮಾದಲ್ಲಿ ಅದು ಏಕೆ ಇಲ್ಲ?

ಉತ್ತರ: ನೆಲದ ಮೇಲಿನ ಸೆಣಸಾಟದಲ್ಲಿ ಮುಖ್ಯವಾದದ್ದೆಲ್ಲ ಕಣ್ಣಿಗೆ ಮರೆಯಾಗಿ ನಡೆಯುತ್ತದೆ. ಸೊಂಟ ಅಂಗುಲದಷ್ಟು ಸರಿದರೆ ಪಂದ್ಯ ತಿರುಗುತ್ತದೆ, ಆದರೆ ಕ್ಯಾಮೆರಾಕ್ಕೆ ಕಾಣುವುದು ಹೆಣೆದುಕೊಂಡ ಎರಡು ಮೈಗಳು ಮತ್ತು ಒಬ್ಬನ ನೆತ್ತಿ. ಮುಖ ಕಾಣದಿದ್ದರೆ ನಟನಿಗೆ ನಟಿಸಲು ಏನೂ ಉಳಿಯುವುದಿಲ್ಲ. 1976ರ ಜೂನ್ 26ರಂದು ಟೋಕಿಯೊದಲ್ಲಿ ಮುಹಮ್ಮದ್ ಅಲಿ ಮತ್ತು ಜಪಾನಿನ ಕುಸ್ತಿಪಟು ಆಂಟೋನಿಯೊ ಇನೋಕಿ ಎದುರುಬದುರಾದಾಗ, ಹದಿನೈದು ಸುತ್ತುಗಳ ಬಹುಪಾಲನ್ನು ಇನೋಕಿ ಬೆನ್ನ ಮೇಲೆ ಮಲಗಿ ಅಲಿಯ ಕಾಲುಗಳಿಗೆ ಒದೆಯುತ್ತ ಕಳೆದರು. ಪಂದ್ಯ ಸಮವಾಯಿತು, ನೋಡುಗರು ರೇಗಿದರು, ಅಲಿಯ ಕಾಲುಗಳು ಊದಿಕೊಂಡು ಆಸ್ಪತ್ರೆ ಸೇರಬೇಕಾಯಿತು. ಎರಡು ವಿದ್ಯೆಗಳು ಪ್ರಾಮಾಣಿಕವಾಗಿ ಎದುರಾದರೆ ಹೀಗೂ ಆಗುತ್ತದೆ, ಮತ್ತು ಇದನ್ನು ಯಾವ ನಿರ್ಮಾಪಕನೂ ಕೊಳ್ಳುವುದಿಲ್ಲ.

ಆದರೂ ದಾರಿ ಇಲ್ಲದೆ ಇಲ್ಲ. 1973ರ 'ಎಂಟರ್ ದಿ ಡ್ರಾಗನ್' ಚಿತ್ರದ ಆರಂಭದಲ್ಲಿಯೇ ಬ್ರೂಸ್ ಲೀ ಮತ್ತು ಸ್ಯಾಮೊ ಹಂಗ್ ಬೆರಳು ತೆರೆದ ಗ್ಲೋವ್ ತೊಟ್ಟು ಸೆಣಸುತ್ತಾರೆ. ಆ ಕಾಳಗ ಕೊನೆಗೊಳ್ಳುವುದು ಗುದ್ದಿನಿಂದಲ್ಲ, ನೆಲದ ಮೇಲೆ ಬಿಗಿದ ಹಿಡಿತಕ್ಕೆ ಎದುರಾಳಿ ಶರಣಾಗುವುದರಿಂದ. ಪಂಜರ ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲು ತೆಗೆದ ಆ ದೃಶ್ಯ ನಮ್ಮ ಇಂದಿನ ಚಿತ್ರಕ್ಕಿಂತ ಪಂಜರಕ್ಕೆ ಹತ್ತಿರವಾಗಿದೆ. ಕತ್ತು ಬಿಗಿಯುವ ಪಟ್ಟುಗಳನ್ನೂ ಸಿನಿಮಾಗಳು ತಪ್ಪಾಗಿಯೇ ತೋರಿಸುತ್ತವೆ. ಹಿಂದಿನಿಂದ ತೋಳು ಸುತ್ತಿ ಕತ್ತಿನ ಎರಡೂ ಬದಿಯ ರಕ್ತನಾಳಗಳನ್ನು ಒತ್ತಿದರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮನುಷ್ಯನ ಪ್ರಜ್ಞೆ ತಪ್ಪುತ್ತದೆ, ಸದ್ದೇ ಇಲ್ಲದೆ. ಎರಡು ನಿಮಿಷ ಒದ್ದಾಡಿ, ಅಣ್ಣನ ಮುಖ ನೆನೆದು, ಕೂಗಿ ಬಿಡಿಸಿಕೊಳ್ಳುವುದಕ್ಕೆ ಅಲ್ಲಿ ಎಡೆಯಿಲ್ಲ.

ಪ್ರಶ್ನೆ: ಪಂಜರದವರೆಲ್ಲ ದುಷ್ಟರು, ಗುರುಮನೆಯವರೆಲ್ಲ ಸಾಧುಗಳು ಎಂಬ ಚಿತ್ರಣ ಸರಿಯೆ?

ಉತ್ತರ: ಇದೇ ಚಿತ್ರದ ನಿಜವಾದ ದೋಷ, ಉಳಿದದ್ದೆಲ್ಲ ಕೈಕಾಲಿನ ತಪ್ಪುಗಳು. ಖಳನ ಮೈತುಂಬ ಹಚ್ಚೆ, ಬಾಯಿತುಂಬ ಬೈಗುಳ. ಗುರುವಿನ ಬಾಯಲ್ಲಿ ಬರೀ ಸುಭಾಷಿತ. ಪಂಜರದ ತರಬೇತಿಯಲ್ಲಿ ಇರುವಷ್ಟು ವಿನಯದ ಪಾಠ ಬೇರೆಡೆ ಸಿಗುವುದು ಕಷ್ಟವೆಂದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಪ್ರತಿಯೊಬ್ಬನೂ ಪ್ರತಿದಿನ ಯಾರಿಗಾದರೂ ಸಿಕ್ಕಿಬಿದ್ದು ನೆಲ ತಟ್ಟಿ ಸೋಲೊಪ್ಪಲೇಬೇಕು, ತಟ್ಟಿದೊಡನೆ ಇನ್ನೊಬ್ಬ ಬಿಡಲೇಬೇಕು. ಇತ್ತ ಗುರುಪೀಠದ ಮೇಲೆ ಕುಳಿತು, ಶಿಷ್ಯರು ತಾವಾಗಿಯೇ ಉರುಳುವುದನ್ನು ತಮ್ಮ ಶಕ್ತಿಯೆಂದು ನಂಬಿಸುವವರೂ ಇದ್ದಾರೆ. 2017ರ ಏಪ್ರಿಲ್‌ನಲ್ಲಿ ಚೀನಾದ ಚೆಂಗ್ಡುವಿನಲ್ಲಿ ಮಿಶ್ರ ಸಮರಕಲೆಯ, ಎಂದರೆ ಪಂಜರದ ಕಾಳಗದ, ಪಟು ಶು ಶಿಯಾಡಾಂಗ್ ಎದುರು ನಿಂತ, ತೈ ಚಿ ಎಂಬ ಚೀನೀ ಸಮರಕಲೆಯ ಗುರುವೊಬ್ಬರು ಅರ್ಧ ನಿಮಿಷವೂ ತಾಳಲಿಲ್ಲ. ಆಮೇಲೆ ಜನರ ಸಿಟ್ಟು ತಿರುಗಿದ್ದು ಗೆದ್ದವರ ಮೇಲೆ.

ಆದರೆ ಆ ಸೋಲಿನಿಂದ ತೈ ಚಿ ಅಭ್ಯಾಸವೇ ನಿಷ್ಫಲವೆಂದು ಹೇಳುವುದೂ ಮೂರ್ಖತನ. ಮುಪ್ಪಿನಲ್ಲಿಯೂ ದೇಹವನ್ನು ಸಮತೋಲದಲ್ಲಿ ಇರಿಸುವ, ಮನಸ್ಸನ್ನು ಒಂದೆಡೆ ನಿಲ್ಲಿಸುವ ಅಭ್ಯಾಸವನ್ನು ಐದು ನಿಮಿಷದ ಸುತ್ತಿನಿಂದ ಅಳೆಯಲಾಗದು. ತಕರಾರು ಇರುವುದು ಆ ಅಭ್ಯಾಸವನ್ನು ಕಾಳಗದ ವಿದ್ಯೆಯೆಂದು ಮಾರುವವರ ಬಗ್ಗೆ ಮಾತ್ರ. ಚಿತ್ರದ ವೃದ್ಧ ಗುರು ಶಿಷ್ಯನಿಗೆ "ನನ್ನಲ್ಲಿರುವುದು ಇಷ್ಟು, ಹಿಡಿತದ ವಿದ್ಯೆ ಬೇರೆಯವರಲ್ಲಿ ಕಲಿತು ಬಾ" ಎಂದು ಹೇಳಿದ್ದರೆ ಆ ಪಾತ್ರದ ತೂಕ ಎಷ್ಟು ಹೆಚ್ಚುತ್ತಿತ್ತು!

ಪ್ರಶ್ನೆ: ಇದೇ ವಸ್ತುವಿನ ಮೇಲೆ ಗೆಳೆಯರೆಲ್ಲ ಸೇರಿ ಕಿರುಚಿತ್ರ ಮಾಡಬೇಕೆಂದಿದ್ದೇವೆ. ಹಣ ತೀರ ಕಡಿಮೆ. ಏನು ಗಮನಿಸಬೇಕು?

ಉತ್ತರ: ನಟನಿಗೆ ಹೊಡೆದಾಟ ಕಲಿಸುವುದಕ್ಕಿಂತ ಹೊಡೆದಾಟ ಬಲ್ಲವನಿಗೆ ನಾಲ್ಕು ಮಾತು ಆಡಲು ಕಲಿಸುವುದು ಅಗ್ಗ. ಒಬ್ಬ ಕರಾಟೆಯವನನ್ನೂ ಒಬ್ಬ ಕುಸ್ತಿಯವನನ್ನೂ ಹುಡುಕಿ, ಅವರು ಹಗುರವಾಗಿ ಸೆಣಸುವುದನ್ನು ಮೊಬೈಲ್‌ನಲ್ಲಿ ಹಿಡಿದು, ಅದರಲ್ಲಿ ತಾನಾಗಿಯೇ ಹುಟ್ಟಿದ ಎರಡು ಮೂರು ಒಳ್ಳೆಯ ಕ್ಷಣಗಳ ಸುತ್ತ ಕಾಳಗವನ್ನು ಹೆಣೆಯಿರಿ. ಮೂರು ನಿಮಿಷದ ಕಾಳಗ ಬೇಡ, ನಲವತ್ತು ಸೆಕೆಂಡು ಸಾಕು. ಅದರ ಮೊದಲ ಭಾಗವನ್ನು ಕತ್ತರಿಸದೆ ದೂರದಿಂದ ಒಂದೇ ನೋಟದಲ್ಲಿ ತೆಗೆದರೆ ಮುಂದಿನ ತುಣುಕುಗಳನ್ನು ನೋಡುಗರು ತಾವಾಗಿಯೇ ನಂಬುತ್ತಾರೆ. ಬಟ್ಟೆಯ ಮೇಲೆ ಸ್ವಲ್ಪ ಪುಡಿ ಉದುರಿಸಿದರೆ ಏಟು ಬಿದ್ದಾಗ ಏಳುವ ಧೂಳು ಬಲವನ್ನು ತೋರಿಸುತ್ತದೆ, ಹಾಂಗ್‌ಕಾಂಗ್‌ನವರು ಬಹುಕಾಲದಿಂದ ಬಳಸುವ ತಂತ್ರವಿದು.

ಕತ್ತಿನ ಪಟ್ಟು ಮತ್ತು ಕೀಲು ತಿರುಚುವ ಪಟ್ಟುಗಳನ್ನು ಅಭಿನಯಕ್ಕಾಗಿ ಎಂದೂ ನಿಜವಾಗಿ ಬಿಗಿಯಬೇಡಿ; ತೋಳಿಗೂ ಕತ್ತಿಗೂ ನಡುವೆ ಎರಡು ಬೆರಳಿನ ಜಾಗ ಬಿಟ್ಟು, ಬಿಗಿತವನ್ನು ಭುಜದ ನಡುಕದಿಂದ ತೋರಿಸಬಹುದು. ಇನ್ನು ಕಥೆಯಲ್ಲಿ ಪಾತ್ರ ನೆಲ ತಟ್ಟುವ ಸಂದರ್ಭವಿದ್ದರೆ, ನಟನಿಗೆ ನಿಜವಾಗಿಯೂ ನೋವಾದಾಗ ನಿಲ್ಲಿಸಲು ಬೇರೊಂದು ಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಇಲ್ಲವಾದರೆ ಅವನು ಪ್ರಾಣ ಹೋಗುವಂತೆ ತಟ್ಟುತ್ತಿದ್ದರೂ ಎಲ್ಲರೂ ಅಭಿನಯ ಚೆನ್ನಾಗಿದೆ ಎಂದುಕೊಂಡು ಕ್ಯಾಮೆರಾ ಓಡಿಸುತ್ತಲೇ ಇರುತ್ತಾರೆ.